ಒಂದು ಬೆರಳಗಲ

ಗಾಜಿನ ತಟ್ಟೆಯ ಮುಚ್ಚಳಕ್ಕೆ ಎಲೆಯ ಎಣ್ಣೆಯಲ್ಲಿ ಅದ್ದಿದ ಕಾಗದದ ಬಿಲ್ಲೆ ಅಂಟಿಸಿ, ತಟ್ಟೆಯನ್ನು ಬೋರಲು ಹಾಕಿ, ಸುತ್ತ ಟೇಪು ಬಿಗಿಯುವುದು ಪ್ರಯೋಗಾಲಯದಲ್ಲಿ ಅವಳ ಕೆಲಸ. ಕೆಳಗಿನಿಂದ ಆವಿ ಏಳುತ್ತದೆ. ಮೇಲಿನ ಪದರದಲ್ಲಿ ಬ್ಯಾಕ್ಟೀರಿಯಾ ಇರುತ್ತವೆ. ಮರುದಿನ ಬಿಲ್ಲೆಯ ನೇರಕ್ಕೆ ಏನೂ ಬೆಳೆಯದ ತಿಳಿ ವೃತ್ತ ಕಂಡರೆ ಎಲೆ ಗೆದ್ದಂತೆ.

ಈ ಎಲೆಯನ್ನು ಪರೀಕ್ಷೆಗೆ ಕೇಳಿ ಪಡೆದವಳು ಅವಳೇ. ಅವಳಮ್ಮ ಹಿತ್ತಲಲ್ಲಿ ಬೆಳೆಸಿ, ಕೆಮ್ಮಿದವರಿಗೆಲ್ಲ ಕುದಿಸಿ ಹಬೆ ಕೊಡುತ್ತಿದ್ದ ಎಲೆ ಅದು. ಮೂರು ವರ್ಷದ ಹಿಂದೆ ಅದೇ ಹಬೆ ತುಂಬಿದ ಕೋಣೆಯಲ್ಲಿ ಅವಳ ಎರಡು ವರ್ಷದ ಮಗಳು ತೀರಿಹೋದಳು. ಎದೆಯಲ್ಲಿ ಕಫ ಕಟ್ಟಿತ್ತು, ಹಬೆಯಿಂದಲೇ ಎಂದು ಹೇಳಲಾಗದು ಎಂದಿದ್ದರು ಡಾಕ್ಟರು. ಆ ‘ಹೇಳಲಾಗದು’ ಎಂಬ ಮಾತಿನಲ್ಲಿ ಇದ್ದಷ್ಟು ಜಾಗದಲ್ಲಿ ಅವಳು ಅಮ್ಮನನ್ನು ಕೂರಿಸಿಬಿಟ್ಟಿದ್ದಳು. ಬೈಯಲಿಲ್ಲ, ಮಾತು ಬಿಟ್ಟಳು. ಒಂದೇ ಸೂರಿನಡಿ ಊಟದ ತಟ್ಟೆ ಇಡುವ ಸದ್ದೇ ಇಬ್ಬರ ನಡುವಿನ ಮಾತಾಯಿತು. ಅಮ್ಮ ಒಮ್ಮೆಯೂ ವಾದಿಸಲಿಲ್ಲ. ದೇವರ ಮುಂದೆ ಕೂತಾಗಲೂ ತುಟಿ ಅಲುಗುತ್ತಿರಲಿಲ್ಲ. ಎಲೆಯೇ ತಪ್ಪಿತಸ್ಥ ಎನ್ನುವ ಒಂದು ಪರೀಕ್ಷೆಯ ಕಾಗದ ಅವಳಿಗೆ ಬೇಕಿತ್ತು.

ಬ್ಯಾಕ್ಟೀರಿಯಾ ಸತ್ತವು. ಮುಂದಿನದು ಕ್ಷೇಮದ ಪರೀಕ್ಷೆ: ಶ್ವಾಸಕೋಶದ ಜೀವಕೋಶಗಳಿಗೂ ಅದೇ ಆವಿ ಕೊಟ್ಟು, ಮೇಲೊಂದು ಹನಿ ನೀಲಿ ಬಣ್ಣ. ಬದುಕಿದ ಕೋಶ ಬಣ್ಣವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಸತ್ತದ್ದು ಹೀರುತ್ತದೆ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಮೊದಲ ತಟ್ಟೆಗಳಲ್ಲಿ ಎಲ್ಲವೂ ನೀಲಿ. ಮಗಳ ತುಟಿಯ ಬಣ್ಣ ನೆನಪಾಯಿತು.

“ಇಲಿ ಬಂತು ಅಂತ ಮನೆಗೇ ಬೆಂಕಿ ಇಟ್ಟಂಗಾಯ್ತಲ್ಲಮ್ಮ,” ಎಂದರು ಪ್ರಯೋಗಾಲಯದ ಹಿರಿಯರು. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು.

ಬೇಕಾದದ್ದು ಸಿಕ್ಕಿತ್ತು. ಆದರೆ ನಾಲ್ಕು ತಟ್ಟೆಗಳಲ್ಲಿ ಮಾತ್ರ ಕೋಶಗಳು ನೀಲಿಯಾಗಿರಲಿಲ್ಲ. ಕೊನೆಕೊನೆಗೆ ಟೇಪು ಮುಗಿದು, ಅವುಗಳ ಸುತ್ತು ಪೂರ್ತಿಯಾಗಿರಲಿಲ್ಲ. ಕೆಟ್ಟ ಕೆಲಸವೆಂದು ಎತ್ತಿ ಎಸೆಯಲು ಹೋದಳು.

“ಬಿಸಾಡಬೇಡ. ಎಷ್ಟು ಜಾಗ ಬಿಟ್ಟಿದ್ದೆ?”

“ಒಂದು ಬೆರಳಗಲ ಸಾರ್.”

ಮಾತು ಅವಳದೇ, ಕಿವಿಗೆ ಕೇಳಿಸಿದ್ದು ಅಮ್ಮನ ದನಿ. ಹಬೆ ಬರುವುದಕ್ಕೆ ದಾರಿ ಇದ್ದಂತೆ ಹೋಗುವುದಕ್ಕೂ ಇರಬೇಕು, ಬಾಗಿಲು ಒಂದು ಬೆರಳಗಲ ಬಿಟ್ಟಿರು ಎಂದು ಅಮ್ಮ ಸಾವಿರ ಸಲ ಹೇಳಿದ್ದಳು. ಮಗಳು ಹೋದ ಆ ಬೆಳಗ್ಗೆ ಕೆಲಸಕ್ಕೆ ಹೊತ್ತಾಗಿತ್ತು. ಹೊರಗೆ ಚಳಿಗಾಳಿ. ಮಗುವಿಗೆ ಗಾಳಿ ತಾಗದಿರಲಿ ಎಂದು ಹೋಗುವಾಗ ಬಾಗಿಲೆಳೆದವಳು ಅವಳೇ, ಚಿಲಕ ಟಕ್ಕೆನ್ನುವವರೆಗೆ.

ಮೂರು ಸಲ ಮತ್ತೆ ಮಾಡಿದಳು. ಮೂರು ಸಲವೂ ಅದೇ. ಬಿಗಿದ ತಟ್ಟೆಯಲ್ಲಿ ನೀಲಿ, ಬೆರಳಗಲ ಬಿಟ್ಟದ್ದರಲ್ಲಿ ಜೀವ. ಅಷ್ಟೇ ಜಾಗ ಬಿಟ್ಟಾಗ ಬ್ಯಾಕ್ಟೀರಿಯಾದ ನಡುವಿನ ತಿಳಿ ವೃತ್ತ ಚಿಕ್ಕದು, ಆದರೂ ಇತ್ತು. ತಟ್ಟೆಯಲ್ಲಿ ಆದದ್ದೇ ಮನುಷ್ಯರಲ್ಲೂ ಆಗುತ್ತದೆ ಎನ್ನುವಂತಿಲ್ಲ ಎಂದು ಮೇಷ್ಟ್ರು ಎಚ್ಚರಿಸಿದರು. ಹೌದು, ಹೇಳಲಾಗದು. ಆ ಜಾಗದಲ್ಲಿ ಈಗ ಅವಳೇ ಕೂತಿದ್ದಳು.

ಸಂಜೆ ಅಮ್ಮನ ಕೋಣೆಯ ಬಾಗಿಲು ಎಂದಿನಂತೆ ಬೆರಳಗಲ ತೆರೆದಿತ್ತು. ಅವಳು ಒಳಗೆ ಹೋಗಿ ನೆಲದಲ್ಲಿ ಕೂತಳು.

“ಅಮ್ಮ, ಅವತ್ತು ಬಾಗಿಲು ಹಾಕಿದ್ದು ನಾನು.”

ಅಮ್ಮ ಮಡಚುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು. “ಗೊತ್ತು ಕಣೆ. ಚಿಲಕದ ಸದ್ದು ಕೇಳಿಸಿತ್ತು.”

“ಮತ್ತೆ ಏಳಲಿಲ್ಲ ಯಾಕೆ?”

“ಮೂರು ರಾತ್ರಿ ನಿದ್ದೆಗೆಟ್ಟು ಮಗು ಆಗಷ್ಟೇ ನನ್ನ ಮಡಿಲಲ್ಲಿ ಕಣ್ಣು ಮುಚ್ಚಿತ್ತು. ಅಲುಗಿದ್ರೆ ಎದ್ದುಬಿಡುತ್ತೆ, ಒಂದು ಗಳಿಗೆ ಮಲಗಲಿ, ಆಮೇಲೆ ತೆಗೆದ್ರಾಯ್ತು ಅಂದ್ಕೊಂಡೆ. ನಂಗೂ ತೂಕಡಿಕೆ ಬಂದುಬಿಡ್ತು.”

“ನಂಗೆ ಒಂದು ಮಾತು ಹೇಳಬಹುದಿತ್ತಲ್ಲ.”

“ಕೂಸು ಕಳ್ಕೊಂಡೋಳ ತಲೆ ಮೇಲೆ ಅದನ್ನೂ ಹೊರಿಸ್ಲಾ? ನಂದು ಹಳೇ ಹೆಗಲು, ತಡ್ಕೊಳುತ್ತೆ ಅಂತಿದ್ದೆ.” ಆಮೇಲೆ ಅಂಜುತ್ತಂಜುತ್ತ ಕೇಳಿದಳು: “ಹಿತ್ತಲಿಂದ ಕೊಯ್ಕೊಂಡು ಹೋಗಿದ್ಯಲ್ಲ, ಆ ಎಲೆ ಕೆಟ್ಟದ್ದಲ್ಲ ತಾನೆ?”

ಅವಳು ಅಲ್ಲವೆಂದು ತಲೆಯಾಡಿಸಿದಳು. ಮೂರು ವರ್ಷ ಬರಿದಾಗಿದ್ದ ಆ ಮಡಿಲಲ್ಲಿ ಮುಖವಿಟ್ಟು ಅತ್ತಳು. ಅಳು ಆಚೆಮನೆಗೆ ಕೇಳಿಸೀತೆಂದು ಕಾಲು ಚಾಚಿ ಬಾಗಿಲನ್ನು ನೂಕಿದಳು.

“ಹಾಕ್ಬೇಡ ಕಣೆ,” ಎಂದಳು ಅಮ್ಮ, ಅವಳ ಬೆನ್ನು ಸವರುತ್ತ. “ಸ್ವಲ್ಪ ಬಿಡು.”