ಸೊನ್ನೆ ತೋರಿಸಿದ ಹಳದಿ ಮೀಟರ್

ಚೀನಾದ ಡಾಂಗ್‌ಗುವಾನ್ ನಗರದ ಒಂದು ಸಂದಿಯಲ್ಲಿ ಲಿಯಾವ್ ಷೌಕಾಂಗನ ಮೀಟರ್ ಕಾರ್ಖಾನೆ. ಕಾರ್ಖಾನೆ ಅಂದರೆ ದೊಡ್ಡದೇನಲ್ಲ. ಎರಡು ಮಹಡಿ, ಹತ್ತಿಪ್ಪತ್ತು ಜನ, ಮೂಲೆಯಲ್ಲಿ ಸದಾ ಕುದಿಯುವ ಚಹಾದ ನೀರು. ತಂತಿಯಲ್ಲಿ ಕರೆಂಟ್ ಇದೆಯೋ ಇಲ್ಲವೋ ಎಂದು ನೋಡುವ, ಅಂಗೈಯಲ್ಲಿ ಹಿಡಿಯುವಂಥ ಅಗ್ಗದ ಹಳದಿ ಮೀಟರ್ ಇಲ್ಲಿ ತಯಾರಾಗುತ್ತದೆ. ಷೌಕಾಂಗನಿಗೆ ಅದರ ಮೇಲೆ ಎಲ್ಲಿಲ್ಲದ ಹೆಮ್ಮೆ. ಬಂದವರ ಕೈಗೆ ಚಹಾಕ್ಕಿಂತ ಮೊದಲು ಮೀಟರ್ ಕೊಡುವ ಆಸಾಮಿ ಅವನು.

ಅವತ್ತು ಮಧ್ಯಾಹ್ನ ಊಟ ಮುಗಿಸಿ, ದೀಪ ಆರಿಸಿ, ಎಲ್ಲರೂ ಎಂದಿನಂತೆ ಮೇಜಿಗೆ ತಲೆಯಿಟ್ಟು ನಿದ್ದೆ ಹೋಗಿದ್ದರು. ಎಚ್ಚರವಿದ್ದವರು ಇಬ್ಬರೇ. ಒಬ್ಬ ಷೌಕಾಂಗ, ಇನ್ನೊಬ್ಬಳು ಮೀಟರುಗಳನ್ನು ಪರೀಕ್ಷಿಸುವ ಎಂಜಿನಿಯರ್ ಮೈಫೆನ್. ಅವಳು ಅವನ ನಾದಿನಿಯೂ ಹೌದು, ಹಾಗಾಗಿ ಧಣಿ ಎಂದು ಹೆದರುವವಳಲ್ಲ.

"ಭಾವ, ಹಳೇ ಮೀಟರಿನ ವಿಷ್ಯ ಏನ್ ಮಾಡಿದ್ರಿ?" ಪಿಸುಗುಟ್ಟಿದಳು.

"ಏನ್ ಮಾಡೋದು? ದೋಷ ಗೊತ್ತಾಯ್ತು, ಸರಿ ಮಾಡಿದ್ವಿ. ಹೊಸದೆಲ್ಲ ಚಿನ್ನದಂಗಿದೆ. ಮುಗೀತಲ್ಲ?"

"ಹೊಸದು ಸರಿ. ಆಗಲೇ ಮಾರಿಹೋದದ್ದು?"

ದೋಷ ಸಣ್ಣದೇನಲ್ಲ. ಬ್ಯಾಟರಿ ಸೋತರೆ ಹಳೆಯ ಮೀಟರ್ ಅದನ್ನು ಹೇಳುತ್ತಿರಲಿಲ್ಲ. ಕರೆಂಟ್ ಇರುವ ತಂತಿಗೆ ಮುಟ್ಟಿಸಿದರೂ ಸುಮ್ಮನೆ ಸೊನ್ನೆ ತೋರಿಸುತ್ತಿತ್ತು. ಹೊಸ ವರ್ಷದ ಹಬ್ಬ ಕಳೆದ ಮೇಲೆ ಒಬ್ಬ ಗಿರಾಕಿ ದೂರು ಕೊಟ್ಟ, ಮೈಫೆನ್ ಕಾರಣ ಹುಡುಕಿದಳು, ಒಳಗಿನ ಒಂದು ಬಿಡಿಭಾಗ ಬದಲಾಯಿತು. ಹೆಸರು ಅದೇ, ಡಬ್ಬಿ ಅದೇ; ಬ್ಯಾಟರಿ ಮುಚ್ಚಳಕ್ಕೆ ಒಂದರ ಬದಲು ಎರಡು ಸ್ಕ್ರೂ ಬಂದದ್ದಷ್ಟೇ ಹೊರಗಿನ ವ್ಯತ್ಯಾಸ. ಕೊಂಡವರಿಗೆ ಮಾತ್ರ ಯಾರೂ ತುಟಿ ಬಿಚ್ಚಲಿಲ್ಲ.

"ನಮ್ ಬೀದೀಲಿ ಎಲ್ರೂ ಮಾಡೋದು ಇದನ್ನೇ ಕಣೇ," ಎಂದ ಷೌಕಾಂಗ. "ಬಾಯಿ ಬಿಟ್ರೆ ಪಕ್ಕದ ಕಾರ್ಖಾನೆಯವನಿಗೆ ಹಾಲು ಕುಡಿದಷ್ಟು ಖುಷಿ. ಊರೆಲ್ಲ ಡಂಗುರ ಹೊಡೀತಾನೆ. ಅಷ್ಟಕ್ಕೂ ಅಗ್ಗದ ಮಾಲು, ಯಾರು ವರ್ಷಗಟ್ಟಲೆ ಇಟ್ಕೋತಾರೆ?"

"ಸೊನ್ನೆ ನಂಬಿ ತಂತಿಗೆ ಕೈ ಹಾಕೋನ ಜೀವಾನೂ ಅಗ್ಗದ್ದಾ ಭಾವ?"

"ನೀನೊಬ್ಬಳು! ಇಲ್ಲೀವರೆಗೂ ಯಾರಿಗೇನಾಗಿದೆ ಹೇಳು?"

ಮೈಫೆನ್ ಅವನನ್ನೇ ನೋಡಿದಳು. "ಹಬ್ಬಕ್ಕೆ ಊರಿಗೆ ಹೋದಾಗ ಮಾವನಿಗೆ ಯಾವ ಮೀಟರ್ ಕೊಟ್ರಿ?"

ಷೌಕಾಂಗನಿಗೆ ಆಗ ನೆನಪಾಯಿತು. ಹಬ್ಬಕ್ಕೆ ಕೆಂಪು ಕಾಗದ ಸುತ್ತಿ ಅಪ್ಪನ ಕೈಗಿಟ್ಟದ್ದು ಹಳೆಯದೇ! ಅಪ್ಪ ಊರಿನಲ್ಲಿ ವೈರಿಂಗ್ ಕೆಲಸ ಮಾಡುವವನು. "ನನ್ ಮಗ ಮಾಡಿದ್ದು" ಎಂದು ಕಂಡಕಂಡವರಿಗೆಲ್ಲ ಆ ಮೀಟರ್ ತೋರಿಸಿಕೊಂಡು ತಿರುಗುತ್ತಿದ್ದ.

ಷೌಕಾಂಗ ಫೋನ್ ಮಾಡಿದ. ಅಪ್ಪ ಎತ್ತಲಿಲ್ಲ. ಮತ್ತೆ ಮಾಡಿದ.

"ಏನೋ ನಿಂದು?" ಅಪ್ಪ ರೇಗಿದ. "ಬಾತುಕೋಳಿ ಸಾಕೋರ ಮನೆ ಪಂಪ್ ಕೆಟ್ಟಿದೆ, ಅದರ ಸ್ವಿಚ್ ಡಬ್ಬಿ ಬಿಚ್ಕೊಂಡು ಕೂತಿದೀನಿ. ಆಮೇಲೆ ಮಾಡು."

"ಅಪ್ಪಾ, ಮೀಟರ್ ಏನ್ ತೋರಿಸ್ತಿದೆ?"

"ಸೊನ್ನೆ. ಕರೆಂಟಿಲ್ಲ. ಇನ್ನೇನು ಕೈ ಹಾಕ್ಬೇಕು, ಅಷ್ಟರಲ್ಲಿ ನಿನ್ ಫೋನು..."

"ಮುಟ್ಬೇಡಪ್ಪಾ! ಮುಟ್ಬೇಡ!"

ಆ ಕೂಗಿಗೆ ಮಲಗಿದ್ದವರೆಲ್ಲ ದಡಬಡಿಸಿ ಎದ್ದರು. ಮೈಫೆನ್ ಫೋನ್ ಕಸಿದುಕೊಂಡು ಸ್ಪೀಕರ್ ಹಾಕಿದಳು. "ಮಾವ, ಹಿಂದಕ್ಕೆ ಸರೀರಿ. ಅಲ್ಲೆಲ್ಲಾದ್ರೂ ಫ್ಯಾನ್ ತಿರುಗ್ತಿದೆಯಾ? ಅದರ ಪಕ್ಕದ ಪ್ಲಗ್ಗಿಗೆ ಮೀಟರ್ ಇಟ್ಟು ನೋಡಿ."

ಆ ಕಡೆ ಅಪ್ಪ ಎದ್ದು ಹೋಗಿ ಮೀಟರ್ ಇಟ್ಟು ನೋಡಿದ.

"ಫ್ಯಾನ್ ತಿರುಗ್ತಾನೇ ಇದೆ ಕಣಮ್ಮ. ಇದು ಇಲ್ಲೂ ಸೊನ್ನೆ ಅಂತಿದೆ." ಆಮೇಲೆ ಮೆಲ್ಲಗೆ ಕೇಳಿದ, "ಷೌಕಾಂಗ, ನಿಂಗಿದು ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತಪ್ಪಾ."

"ನಂಗೆ ನೀನು ಕೂಗಿ ಹೇಳ್ದೆ. ಮಿಕ್ಕೋರಿಗೆ ಯಾರು ಕೂಗ್ತಾರೋ?"

ಯಾರೋ ದೀಪ ಹಾಕಿದರು. ಬೆಸುಗೆ ಹಾಕುವ ಚಿನ್‌ಶಿಯಾ ಎದ್ದು ನಿಂತಿದ್ದಳು. "ಅಣ್ಣಾ, ಹಬ್ಬಕ್ಕೆ ನಾನೂ ನನ್ ತಮ್ಮನಿಗೆ ಒಂದು ಒಯ್ದಿದ್ದೆ. ನಮ್ ಕಾರ್ಖಾನೇದು ಅಂತ ಹೇಳಿ ಕೊಟ್ಟೆ," ಎಂದವಳೇ ಫೋನ್ ಹಿಡಿದಳು. ಅವಳನ್ನು ನೋಡಿ ಉಳಿದವರೂ ತಮ್ಮ ತಮ್ಮ ಊರಿಗೆ ಫೋನ್ ಮಾಡತೊಡಗಿದರು. ಅವರ ಮುಖ ನೋಡಿ ಷೌಕಾಂಗನಿಗೆ ನೆಲ ಬಾಯಿ ಬಿಡಬಾರದೇ ಅನಿಸಿತು.

"ಮೈಫೆನ್, ವಿಡಿಯೋ ಹಿಡಿ," ಎಂದ.

"ಪಕ್ಕದವನು ಡಂಗುರ ಹೊಡೀತಾನೆ ಅಂದ್ರಲ್ಲ?"

"ಅವನಿಗಿಂತ ಮೊದ್ಲು ನಾನೇ ಹೊಡೀತೀನಿ, ಹಿಡಿಯೇ."

ಮುಖ ಮುಚ್ಚಿಕೊಳ್ಳದೆ, ಮೀಟರ್ ಎತ್ತಿ ಹಿಡಿದು ಹೇಳಿದ: "ನಾನು ಲಿಯಾವ್ ಷೌಕಾಂಗ್. ಈ ಮೀಟರಿನಲ್ಲಿ ದೋಷ ಇತ್ತು, ಗೊತ್ತಿದ್ದೂ ನಿಮಗೆ ಹೇಳಲಿಲ್ಲ. ಬ್ಯಾಟರಿ ಮುಚ್ಚಳಕ್ಕೆ ಒಂದೇ ಸ್ಕ್ರೂ ಇದ್ರೆ ಅದು ಹಳೇದು. ದಯವಿಟ್ಟು ಬಳಸಬೇಡಿ, ವಾಪಸ್ ಕಳಿಸಿ. ಹೊಸದು ಕೊಡ್ತೀನಿ, ಕಳಿಸೋ ಖರ್ಚೂ ನಂದೇ."

ವಿಡಿಯೋ ಅವತ್ತೇ ಫೋನಿಂದ ಫೋನಿಗೆ ಹರಡಿತು. ಬೀದಿಯವರು ನಕ್ಕರು, ತಲೆ ಕೆಟ್ಟಿದೆ ಎಂದರು. ಹಳದಿ ಮೀಟರುಗಳು ಮೂಟೆಗಟ್ಟಲೆ ವಾಪಸ್ ಬಂದವು. ಇಡೀ ಕಾರ್ಖಾನೆ ಮಧ್ಯಾಹ್ನದ ನಿದ್ದೆ ಬಿಟ್ಟು ಬದಲಿ ಮೀಟರ್ ಕಟ್ಟಿ ಕಳಿಸಿತು. ಒಬ್ಬರೂ ಗೊಣಗಲಿಲ್ಲ. ಚಿನ್‌ಶಿಯಾ ಅಂತೂ ತಮ್ಮನ ಮೀಟರನ್ನು ತಾನೇ ಕಟ್ಟಿದಳು.

ಹೊಸ ಮೀಟರ್ ತಲುಪಿದ ದಿನ ಅಪ್ಪನೇ ಫೋನ್ ಮಾಡಿದ.

"ಮುಂಚೆ 'ನನ್ ಮಗ ಮಾಡಿದ್ದು' ಅಂತ ತೋರಿಸ್ತಿದ್ದೆ. ಈಗ 'ನನ್ ಮಗ ತಪ್ಪು ಒಪ್ಕೊಂಡು ಬದಲಿಸಿ ಕೊಟ್ಟಿದ್ದು' ಅಂತ ತೋರಿಸ್ತೀನಿ. ಮೊದ್ಲಿಗಿಂತ ಜೋರಾಗಿ ಹೇಳ್ತಿದೀನಿ ಕಣೋ!"

ಷೌಕಾಂಗ ಕಣ್ಣೊರೆಸಿಕೊಂಡು ನಕ್ಕ. ಆಮೇಲೆ ಎಂದಿನಂತೆ ಮೀಟರ್ ಹಿಡಿದು ಬಾಗಿಲಿಗೆ ಬಂದ ಗಿರಾಕಿಯ ಕಡೆ ನಡೆದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಇಂಥ ಮೀಟರ್ ಇರಬಹುದು. ಅದು ಸೊನ್ನೆ ಎಂದ ಮಾತ್ರಕ್ಕೆ ನಂಬಬೇಡಿ. ಮೇನ್ ಸ್ವಿಚ್ ಆರಿಸಿ. ಕರೆಂಟ್ ಖಂಡಿತ ಇರುವ ಬೇರೆ ಕಡೆ, ಅಂದರೆ ಪಕ್ಕದ ಮನೆಯ ಪ್ಲಗ್ಗಿನಂಥ ಕಡೆ, ಮೀಟರನ್ನು ಮೊದಲು ಇಟ್ಟು ನೋಡಿ, ಆಮೇಲೆ ಕೆಲಸದ ತಂತಿಗೆ ಇಟ್ಟು ನೋಡಿ, ಮೀಟರ್ ಇನ್ನೂ ಸರಿಯಿದೆಯೇ ಎಂದು ಮತ್ತೆ ಮೊದಲಿನ ಕಡೆಗೇ ಇಟ್ಟು ನೋಡಿ. ಎಲ್ಲಾದರೂ ಅನುಮಾನ ಬಂದರೆ ಕೈ ಹಾಕಬೇಡಿ, ಕೆಲಸ ಬಲ್ಲವರನ್ನು ಕರೆಯಿರಿ. ಮೀಟರ್ ಸುಳ್ಳು ಹೇಳಿದರೆ ಮೂಲೆಗೆ ಎಸೆದು ಸುಮ್ಮನಾಗಬೇಡಿ, ಮಾಡಿದವರಿಗೆ ತಿಳಿಸಿ.

ಮಾಡುವವರೇ, ಮಾರುವವರೇ, ದೋಷ ಗೊತ್ತಾದ ದಿನವೇ ಕೂಗಿ ಹೇಳಿ. ತಂತಿಯ ಮುಂದೆ ಕೂತವರು ಯಾರದೋ ಅಪ್ಪ.