ಮುಳ್ಳುಹಂದಿಯ ಸಾವು ಕಾಣೆಯಾದದ್ದು

“ಎಲ್ಲಿ ಸತ್ತ? ಇವನು ಎಲ್ಲಿ ಸತ್ತ?” ಪುಟ್ಟಿ ಕರಡಚ್ಚಿನ ಹಾಳೆಗಳನ್ನು ಒಂದೊಂದಾಗಿ ಮೇಜಿಗೆ ಬಡಿಯುತ್ತಿದ್ದಳು. “ಹದಿನಾಲ್ಕನೇ ಅಧ್ಯಾಯದಲ್ಲಿ ಇಡೀ ಕಾಡು ಇವನಿಗಾಗಿ ಗೋಳಾಡ್ತಿದೆ. ಹದಿಮೂರರಲ್ಲಿ ನೋಡಿದ್ರೆ ಗುಂಡುಕಲ್ಲಿನ ಹಾಗಿದ್ದಾನೆ!”

“ಯಾರಮ್ಮ?” ದೊಡ್ಡಪ್ಪ ಕೆಂಪು ಪೆನ್ನಿನ ತುದಿಯಿಂದ ಕಿವಿ ಕೆರೆದುಕೊಂಡರು.

“ಬಾಗಿಲು ಕಾಯೋ ಮುಳ್ಳುಹಂದಿ! ಮುಂಗುಸಿಗಳು ಅಳಿಲುಗಳ ಕೋಟೆಗೆ ನುಗ್ಗುವಾಗ ಒಬ್ಬನೇ ತಡೆದು ನಿಂತು ಸಾಯ್ತಾನಲ್ಲ, ಅವನು. ಒಂದಿಡೀ ಪುಟ ಬರೆದಿದ್ದೆ. ಇಲ್ನೋಡಿ, ನೀವೇ ಹೊಡೆದುಹಾಕಿದ್ದೀರಿ.”

“ಕಿವಿಗೆ ಬೀಳಲಿಲ್ಲ, ಹೊಡೆದೆ.”

ದೊಡ್ಡಪ್ಪನ ಅಚ್ಚುಮನೆಯ ಪದ್ಧತಿಯೇ ಹಾಗೆ. ದೊಡ್ಡಮ್ಮ ಹಸ್ತಪ್ರತಿಯನ್ನು ಜೋರಾಗಿ ಓದುತ್ತಾರೆ. ದೊಡ್ಡಪ್ಪ ಕರಡಿನ ಮೇಲೆ ಬೆರಳಿಟ್ಟು ಹಿಂಬಾಲಿಸುತ್ತಾರೆ. ದೊಡ್ಡಮ್ಮನ ಬಾಯಲ್ಲಿ ಬರದ ಸಾಲು ಅಚ್ಚು ಜೋಡಿಸಿದವರ ತಪ್ಪು ಎಂದೇ ಲೆಕ್ಕ.

“ಒಂದು ಪುಟ ಪೂರ್ತಿ ಹೊಡೀವಾಗ ಅನುಮಾನ ಬರಲಿಲ್ವಾ?”

“ನಾನು ಅಕ್ಷರ ನೋಡೋನು ಕಣಮ್ಮ. ಕಥೆಗೂ ನನಗೂ ಏನು ಸಂಬಂಧ?”

ಇಬ್ಬರೂ ಒಟ್ಟಿಗೆ ಕಿಟಕಿಯತ್ತ ತಿರುಗಿದರು. ಅಲ್ಲಿ ದೊಡ್ಡಮ್ಮ, ಆಗಲೇ ಫಳಫಳ ಹೊಳೆಯುತ್ತಿದ್ದ ಕನ್ನಡಕವನ್ನು ಸೆರಗಿನಿಂದ ಇನ್ನೂ ಒರೆಸುತ್ತಿದ್ದರು.

“ಎರಡು ಹಾಳೆ ಅಂಟಿಕೊಂಡಿತ್ತೇನೋ,” ಎಂದರು.

“ಅಂಟಿಕೊಂಡಿತ್ತಾ, ಅಂಟಿಸಿದ್ರಾ?”

ದೊಡ್ಡಮ್ಮ ಕನ್ನಡಕ ಏರಿಸಿಕೊಂಡರು. “ನೋಡೇ, ಆ ಮುಳ್ಳುಹಂದಿ ಬಂದವರಿಗೆಲ್ಲ ‘ಕಾಲು ಒರೆಸ್ಕೊಂಡು ಬಾ’ ಅಂತ ಗೊಣಗ್ತಾನೆ. ಸಿಟ್ಟು ಬಂದ್ರೆ ಮುಳ್ಳೆಲ್ಲ ನೆಟ್ಟಗೆ. ಆಮೇಲೆ ಯಾರೂ ನೋಡದ ಹಾಗೆ ಮರಿಗಳ ಕೈಗೆ ಜೇನು ಹಾಕ್ತಾನೆ. ಇದನ್ನ ನಲವತ್ತು ವರ್ಷದಿಂದ ಮನೇಲಿ ನೋಡ್ತಿದ್ದೀನಿ. ನನ್ನ ಬಾಯಿಂದಲೇ ಸಾಯಿಸ್ಬೇಕಾ?”

ಪುಟ್ಟಿ ನಾಲಿಗೆ ಕಚ್ಚಿಕೊಂಡಳು. ದೊಡ್ಡಪ್ಪನ ನರೆಗೂದಲು ಯಾವ ಬಾಚಣಿಗೆಗೂ ಬಗ್ಗಿದ್ದಿಲ್ಲ.

“ಅಂದ್ರೆ,” ದೊಡ್ಡಪ್ಪ ನಿಧಾನವಾಗಿ ಕೇಳಿದರು, “ನಾನು ಸತ್ತಿದ್ದನ್ನ ನಾನೇ ಹೊಡೆದುಹಾಕಿದೆನಾ?”

“ಕೆಂಪು ಶಾಯೀಲಿ.”

ಮೂರು ಗಂಟೆಗೆ ಯಂತ್ರ ಶುರುವಾಗುವುದಿತ್ತು. ಈ ಪುಟವಿಲ್ಲದೆ ಪುಟ್ಟಿಯ ಎರಡು ವರ್ಷದ ಕಾದಂಬರಿ ಕಾಲು ಮುರಿದ ಕುರ್ಚಿ. ಆದರೆ ಬಾಯಿಬಿಟ್ಟು ಓದದ ಪುಟಕ್ಕೆ ದೊಡ್ಡಪ್ಪ ಸಹಿ ಹಾಕುವವರಲ್ಲ, ಸಾಯುತ್ತಿರುವುದು ತಾವೇ ಆದರೂ. ದೊಡ್ಡಮ್ಮ ಹಸ್ತಪ್ರತಿಯನ್ನು ಪುಟ್ಟಿಯತ್ತ ತಳ್ಳಿದರು. ಕೊನೆಗೆ ಪುಟ್ಟಿಯೇ ಓದತೊಡಗಿದಳು.

“ಮುಳ್ಳುಹಂದಿ ಹೊಸ್ತಿಲಲ್ಲಿ ಕೂತಿದ್ದ. ಹಿಂಬಾಗಿಲಿನಿಂದ ಅಳಿಲುಮರಿಗಳು ಒಂದೊಂದಾಗಿ ಹೊಳೆ ದಾಟುತ್ತಿದ್ದವು. ಮೊದಲು ನುಗ್ಗಿದ ಮುಂಗುಸಿಗೆ ಅವನು ಹೇಳಿದ: ‘ಕಾಲು ಒರೆಸ್ಕೊಂಡು ಬಾ.’”

ದೊಡ್ಡಮ್ಮ ಕಿಸಕ್ಕನೆ ನಕ್ಕು, ತಕ್ಷಣ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ದೊಡ್ಡಪ್ಪನ ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು. ಒಂದು ಕಡೆ ಅಲ್ಪವಿರಾಮ ಹಾಕಿದರು. ಪುಟದ ಅರ್ಧದಲ್ಲಿ ಪುಟ್ಟಿ ಹಾಳೆ ಕೆಳಗಿಟ್ಟಳು. ಬರೆಯುವಾಗ ಯಾರನ್ನು ಬರೆಯುತ್ತಿದ್ದೇನೆಂದು ಅವಳಿಗೆ ಹೊಳೆದಿರಲೇ ಇಲ್ಲ.

“ದೊಡ್ಡಪ್ಪ, ಬರೀ ಗಾಯ ಮಾಡಿಬಿಡ್ತೀನಿ. ಕುಂಟ್ಕೊಂಡು ವಾಪಸ್ ಬರಲಿ. ಹದಿನಾಲ್ಕನೇ ಅಧ್ಯಾಯ ಇಲ್ಲೇ ಕೂತು ತಿದ್ದಿ ಕೊಡ್ತೀನಿ.”

“ನನ್ನ ಬಂಗಾರ!” ಎಂದರು ದೊಡ್ಡಮ್ಮ.

ದೊಡ್ಡಪ್ಪ ಬೆರಳು ತೆಗೆಯಲಿಲ್ಲ. “ಮರಿಗಳೆಲ್ಲ ದಾಟಿದ್ವಾ?”

“ಇನ್ನೂ ಎರಡು ಬಾಕಿ.”

ತಾವು ಹೊಡೆದಿದ್ದ ಸಾಲುಗಳ ಕೆಳಗೆಲ್ಲ ಅವರು, ಉಳಿಸಿಕೊಳ್ಳುವ ಗುರುತಾಗಿ, ಒಂದೊಂದೇ ಚುಕ್ಕಿ ಇಡುತ್ತಾ ಹೋದರು. ಅಂಚಿನಲ್ಲಿ ‘ಇರಲಿ’ ಎಂದು ಬರೆದು ಸಹಿ ಹಾಕಿದರು.

“ಹಾಗಾದ್ರೆ ಬೇಡ,” ಎಂದರು. “ನಾನು ವಾಪಸ್ ಬರಲ್ಲ.”