ಗುಂಡಿ ಹಾಕಿದ ಓಟು

ಗುಂಡಿಯ ಉಪಾಯ ಹೇಳಿದ್ದು ಸೂಜಿಯೇ. ಕಡ್ಡಿಯಂತಿದ್ದ ಅವಳಿಗೆ ದರ್ಜಿ ಮಾವ ಇಟ್ಟ ಹೆಸರು ಅದು. ಹನ್ನೆರಡನೇ ವಯಸ್ಸಿಗೇ ಶಾಲೆ ಬಿಟ್ಟವಳು, ಎರಡು ವರ್ಷದಿಂದ ಮಾವನ ಅಂಗಡಿಯಲ್ಲಿ ತಲೆ ತಗ್ಗಿಸಿ ಗುಂಡಿ ಹೊಲಿಯುತ್ತಿದ್ದಳು.

ಮಕ್ಕಳ ಹಕ್ಕಿನ ಬಗ್ಗೆ ಬೀದಿಯ ಮಕ್ಕಳೇ ಓಟು ಹಾಕುವುದೆಂದು ತೀರ್ಮಾನವಾಗಿತ್ತು. ಪ್ರಶ್ನೆ ಒಂದೇ: ದೊಡ್ಡವರು ಮಕ್ಕಳಿಗೆ ಹೊಡೆಯಬಹುದೋ, ಬಾರದೋ? ಚಿಕ್ಕವರಿಗೆ ಬರೆಯಲು ಬಾರದು.

"ಹಾಕಿರೋ ಅಂಗಿಯಿಂದ ಒಂದು ಗುಂಡಿ ಕಿತ್ಕೊಳ್ಳಿ. ಹೊಡೀಬಹುದು ಅನ್ನೋರು ಕೆಂಪು ಡಬ್ಬಿಗೆ, ಬಾರದು ಅನ್ನೋರು ನೀಲಿಗೆ. ಗುಂಡಿ ಇಲ್ದಿರೋ ಅಂಗಿ ಎರಡನೇ ಸಲ ಬಂದ್ರೆ ಒಳಗೆ ಬಿಡಲ್ಲ," ಎಂದಳು ಸೂಜಿ.

"ಯಾರು ಎಲ್ಲಿ ಹಾಕಿದ್ರು ಅಂತ ಅಪ್ಪಂಗೆ ಗೊತ್ತಾದ್ರೆ, ಅಕ್ಕಾ?" ಬೇಕರಿಯವನ ಮಗಳ ತೋಳಿನಲ್ಲಿ ಬಾಸುಂಡೆ ಇನ್ನೂ ಇಳಿದಿರಲಿಲ್ಲ.

"ನರಪಿಳ್ಳೆಗೂ ಗೊತ್ತಾಗಲ್ಲ. ನನ್ನ ಮಾತು."

ಅಂಗಡಿ ಪಕ್ಕದ ಮೆಟ್ಟಿಲ ಕೆಳಗೆ ಹಳೆ ಪರದೆ ಕಟ್ಟಿ ಓಟು ನಡೆಯಿತು. ನೀಲಿಗೆ ಮೂವತ್ತೊಂದು, ಕೆಂಪಿಗೆ ಎರಡು. ಫಲಿತಾಂಶವನ್ನು ಗೋಡೆಗೆ ಅಂಟಿಸಿದ್ದೇ ತಡ, ಮಾವ ನೀಲಿ ಡಬ್ಬಿಯನ್ನು ಕಸಿದುಕೊಂಡು ಬಂದು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸುರುವಿದ. ಸುತ್ತ ಬೀದಿಯ ಗಂಡಸರು ಚಹಾ ಹೀರುತ್ತ ನೆರೆದರು.

ಮಾವ ನಾಲಿಗೆಗೆ ಬೆರಳು ತಾಗಿಸಿ ಒಂದೊಂದೇ ಗುಂಡಿ ಎತ್ತಿದ. "ನನ್ನಂಗಡಿ ಮಾಲು ನಂಗೆ ಗೊತ್ತಾಗಲ್ವಾ? ಈ ನಾಲ್ಕು ತೂತಿಂದು ನಿಮ್ಮ ಎರಡನೆಯವನದು, ಬೀಗದಣ್ಣ."

"ಅಯ್ಯೋ ಕಳ್ಳ ನನ್ಮಗನೇ! ಮನೇಲಿ ಬೆಕ್ಕಿನಂಗಿರ್ತಾನಲ್ರೀ!"

ಎಲ್ಲರೂ ಘೊಳ್ಳೆಂದು ನಕ್ಕರು. ಬೀಗ ರಿಪೇರಿಯವನು ಎಂಜಲು ಗುಂಡಿಯನ್ನು ಬಹುಮಾನದಂತೆ ಜೇಬಿಗಿಳಿಸಿದ. ಆಮೇಲೆ ಇನ್ನೊಬ್ಬ, ಮತ್ತೊಬ್ಬ.

ಬೀದಿಯ ಅಂಗಿಗಳೆಲ್ಲ ಈ ಅಂಗಡಿಯಲ್ಲೇ ಹೊಲಿದವು. ಸೂಜಿಗೆ ಅದು ಹೊಳೆದೇ ಇರಲಿಲ್ಲ. ಮನೆಗೆ ಹೋಗಿ ಬೆಲ್ಟು ಬಿಚ್ಚಲಿರುವ ಕೈಗಳೇ ಈಗ ಒಬ್ಬರಿನ್ನೊಬ್ಬರ ಬೆನ್ನು ತಟ್ಟುತ್ತಿದ್ದವು. ಮಕ್ಕಳು ಬೇಡ ಎಂದದ್ದೇ ಇವರಿಗೆ ನಗೆಪಾಟಲು. ಥೂ, ಎಂಥ ಜನ!

ಕೊನೆಗೊಂದು ಪುಟ್ಟ ಬಿಳಿ ಗುಂಡಿ ಉಳಿಯಿತು. ಮಾವ ಅದನ್ನೂ ನೆಕ್ಕಿ ಬೆಳಕಿಗೆ ಹಿಡಿದ. "ಇದು ನೀನು ಹೊಲಿದಿದ್ದು ಕಣೇ. ಯಾರ್ದು?"

ಅವಳಿಗೆ ಗೊತ್ತಿತ್ತು. ಹಿಟ್ಟು ಮೆತ್ತಿದ ತೋಳು ಕಟ್ಟಿಕೊಂಡು ಬೇಕರಿಯವನು ಎದುರಿಗೇ ನಿಂತಿದ್ದ.

"ಕೊಡಿ ಮಾವ, ನೋಡ್ತೀನಿ."

ಒದ್ದೆ ಗುಂಡಿ ಅಂಗೈಗೆ ಬಂತು. ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡಳು. ಹೊಗೆಸೊಪ್ಪು, ಚಹಾ, ಮಾವನ ಜೊಲ್ಲು. ವಾಕರಿಕೆ ಗಂಟಲ ತನಕ ಬಂತು. ನುಂಗಿದಳು.

"ಉಗುಳೇ, ದರಿದ್ರದವಳೇ!" ಮಾವನ ಕೈ ಕೆನ್ನೆಗೆ ಬಿತ್ತು. ಇನ್ನೊಂದು. "ಯಾರ್ದು, ಬೊಗಳು!"

ಕಿವಿ ಗುಂಯ್ ಎಂದರೂ ಅವಳು ತುಟಿ ಬಿಚ್ಚಲಿಲ್ಲ. ಉಳಿದವರೆಲ್ಲ ಜೇಬು ತಟ್ಟಿಕೊಳ್ಳುತ್ತ ಮನೆಗೆ ಹೊರಟರು. ಬೇಕರಿಯವನೊಬ್ಬ ಬರಿಗೈಯಲ್ಲಿ ಹೋದ.